ಪದರುರಚನೆಯ ದ್ವಿಹೈಡ್ರಾಕ್ಸೈಡುಗಳ ಸ್ಫಟಿಕವಿನ್ಯಾಸವೂ ಕೊಪ್ಪಳ ಸೀಮೆಯ ನೀರೂ

ಕೊಪ್ಪಳ ಸೀಮೆಯ ನೆಲದಡಿಯಲ್ಲಿ ಬಹುಮಟ್ಟಿಗೆ ಗ್ರಾನೈಟು ಮತ್ತು ನೈಸ್ ಶಿಲೆಗಳು ಹಬ್ಬಿವೆ. ಗಂಗಾವತಿಯ ಬಹುಭಾಗಕ್ಕೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಟು; ಕುಷ್ಟಗಿ, ಯಲಬುರ್ಗಾಗಳ ಒಣನೆಲದ ಹಳ್ಳಿಗಳಾದರೋ ಬಹುಕಾಲ ಕೊಳವೆಬಾವಿಗಳನ್ನೇ ನಂಬಿದವು. ಶಿಲೆಯಲ್ಲಿನ ಫ್ಲೋರೈಡ್ ಅಂತರ್ಜಲದಲ್ಲಿ ಕರಗಿ, ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಹಲವೆಡೆ ಮೀರುತ್ತದೆ. ಮಕ್ಕಳ ಹಲ್ಲಿನ ಕಂದುಕಲೆ, ಹಿರಿಯರ ಬಿಗಿದ ಕೀಲುಗಳು ಇದರ ಫಲ. ಇಂತಹ ಫ್ಲೋರೈಡನ್ನು ಸೆಳೆಯಬಲ್ಲ ಖನಿಜವರ್ಗವೊಂದರ ರಚನೆಯನ್ನು ಇಲ್ಲಿ ಸ್ಥೂಲವಾಗಿ ನಿರೂಪಿಸಲಾಗಿದೆ.

ಈ ವರ್ಗದ ತಳಹದಿ ಬ್ರೂಸೈಟ್, ಎಂದರೆ ಮೆಗ್ನೀಸಿಯಂ ಹೈಡ್ರಾಕ್ಸೈಡ್. ಇದರಲ್ಲಿ ಪ್ರತಿಯೊಂದು ಮೆಗ್ನೀಸಿಯಂ ಆಯಾನನ್ನು ಆರು ಹೈಡ್ರಾಕ್ಸಿಲ್ ಆಯಾನುಗಳು ಅಷ್ಟಫಲಕಾಕೃತಿಯಲ್ಲಿ ಸುತ್ತುವರಿದಿವೆ. ಅಷ್ಟಫಲಕಗಳು ಅಂಚಿಗೆ ಅಂಚು ಕೂಡಿ ಹಾಳೆಯಾಗುತ್ತವೆ. ಹಾಳೆಗಳು ಪೇರಿಸಿಟ್ಟ ಜೋಳದ ರೊಟ್ಟಿಗಳಂತೆ ಒಂದರ ಮೇಲೊಂದು ಕುಳಿತಿರುತ್ತವೆ. ಅವುಗಳ ಅಂತರ ಸುಮಾರು 4.8 ಆಂಗ್‌ಸ್ಟ್ರಾಂ.

ನಾರ್ವೆಯಲ್ಲಿ ದೊರೆತು 1842ರಲ್ಲಿ ವರ್ಣಿತವಾದ ಹೈಡ್ರೊಟಾಲ್ಸೈಟಿನಲ್ಲಿ ನಾಲ್ಕು ಲೋಹಸ್ಥಾನಗಳಿಗೆ ಒಂದರಂತೆ ಅಲ್ಯೂಮಿನಿಯಂ ಸೇರಿದೆ. ಎರಡು ಧನಾಂಶದ ಮೆಗ್ನೀಸಿಯಂನ ಎಡೆಯಲ್ಲಿ ಮೂರು ಧನಾಂಶದ ಅಲ್ಯೂಮಿನಿಯಂ ನಿಂತಾಗ ಹಾಳೆಯಲ್ಲಿ ಧನಾಂಶ ಹೆಚ್ಚುತ್ತದೆ. ಅದನ್ನು ಸರಿದೂಗಿಸಲು ಋಣ ಆಯಾನುಗಳು, ನೀರಿನ ಅಣುಗಳೊಡನೆ, ಹಾಳೆಗಳ ನಡುವೆ ನೆಲಸುತ್ತವೆ. ಅಂತರವು ಸುಮಾರು 7.8 ಆಂಗ್‌ಸ್ಟ್ರಾಂಗೆ ಏರುತ್ತದೆ. ಪೇರಿಸುವ ಕ್ರಮವೂ ಒಂದೇ ಅಲ್ಲ: ಮೂರು ಹಾಳೆಗಳಿಗೊಮ್ಮೆ ಆವರ್ತಿಸುವ ರೂಪವೂ ಎರಡಕ್ಕೊಮ್ಮೆ ಆವರ್ತಿಸುವ ರೂಪವೂ ಉಂಟು. ಇಂತಹ ಬಹುರೂಪಗಳನ್ನು ಬೆಂಗಳೂರು ವಿಶ್ವವಿದ್ಯಾಲಯದ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕ ಪಿ. ವಿಷ್ಣು ಕಾಮತರು ವಿಶೇಷವಾಗಿ ಪರಿಶೀಲಿಸಿದ್ದಾರೆ.

ನಡುವಣ ಆಯಾನುಗಳು ಬದಲಾಗಬಲ್ಲವು ಎಂಬುದರಲ್ಲಿಯೇ ನಮ್ಮ ಆಸೆ ಅಡಗಿದೆ. ಆದರೆ ಎರಡು ಋಣಾಂಶದ, ಚಪ್ಪಟೆಯಾದ ಕಾರ್ಬೋನೇಟು ಹಾಳೆಗಳಿಗೆ ಸಮಾನಾಂತರವಾಗಿ ಮಲಗಿ ಭದ್ರವಾಗಿ ನಿಲ್ಲುವುದರಿಂದ, ಫ್ಲೋರೈಡಿಗೆ ಅದು ಸುಲಭವಾಗಿ ಎಡೆಗೊಡದು. ಆದ್ದರಿಂದ ಖನಿಜವನ್ನು ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಕಾರ್ಬೋನೇಟನ್ನೂ ನೀರನ್ನೂ ಹೊರದೂಡುತ್ತಾರೆ. ಉಳಿದ ಆಕ್ಸೈಡು ನೀರನ್ನು ಸೇರಿದೊಡನೆ ತನ್ನ ಪದರುಗಳನ್ನು ಮತ್ತೆ ಕಟ್ಟಿಕೊಳ್ಳುತ್ತ, ಎದುರಾದ ಋಣ ಆಯಾನುಗಳನ್ನು ಒಳಗೆಳೆದುಕೊಳ್ಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಫ್ಲೋರೈಡ್ ಹೆಚ್ಚಿರುವ ಅಂತರ್ಜಲದಲ್ಲಿ ಸಾಮಾನ್ಯವಾಗಿ ಬೈಕಾರ್ಬೋನೇಟೂ ಹೇರಳ. ಅದರಿಂದ ಒದಗುವ ಕಾರ್ಬೋನೇಟು ಅದೇ ಎಡೆಗಾಗಿ ಸ್ಪರ್ಧಿಸುತ್ತದೆ. ಆದಕಾರಣ ಬಟ್ಟಿಯಿಳಿಸಿದ ನೀರಿನಲ್ಲಿ ಕಂಡ ಯಶಸ್ಸು ಯಲಬುರ್ಗಾದ ಕೊಡದ ನೀರಿಗೆ ಪ್ರಮಾಣವಾಗಲಾರದು. ಪರೀಕ್ಷೆ ನಡೆಯಬೇಕಾದುದು ಆ ಕೊಡದ ನೀರಿನಲ್ಲಿಯೇ.