ಕಮಾನ್ ಪಾಟಾ ಅಂಗಡಿಯ ಎತ್ತರದ ಲೆಕ್ಕ

ಕಬ್ಬಿನ ಹಂಗಾಮು ಶುರುವಾಗುವ ಮುಂಚಿನ ದಿನಗಳಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಮಾನ್ ಪಾಟಾ ಅಂಗಡಿಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಟ್ರ್ಯಾಕ್ಟರಿನ ಟ್ರೇಲರುಗಳು ಗಾಲಿ ಬಿಚ್ಚಿಸಿಕೊಂಡು ಮರದ ದಿಮ್ಮಿಗಳ ಮೇಲೆ ಕೂತಿರುತ್ತವೆ. ಪಕ್ಕದಲ್ಲಿ ಲಾರಿ, ಹಾಲಿನ ಪಿಕಪ್, ಇಟ್ಟಿಗೆ ಹೇರುವ ಗಾಡಿ. ಈಚೆಗೆ ಈ ಸಾಲಿಗೆ ಥಾರ್, ಜಿಮ್ನಿ, ಹಳೆಯ ಜಿಪ್ಸಿ, ಇಸುಜು ವಿ-ಕ್ರಾಸ್‌ಗಳೂ ಬಂದು ಸೇರುತ್ತಿವೆ. ಅವುಗಳ ಮಾಲೀಕರು, ಬಹಳಷ್ಟು ಮಂದಿ ಹರೆಯದವರು, ಮೊಬೈಲಿನಲ್ಲಿ ಲಿಫ್ಟ್ ಕಿಟ್ಟಿನ ಚಿತ್ರ ತೋರಿಸಿ ಗಾಡಿಯನ್ನು ಎರಡು ಇಂಚು ಎತ್ತಿಕೊಡಲು ಆಗುತ್ತದೆಯೇ ಎಂದು ಕೇಳುತ್ತಾರೆ. ಅನುಭವಸ್ಥ ಮಿಸ್ತ್ರಿ ಕೂಡಲೇ ಹೂಂ ಅನ್ನುವುದಿಲ್ಲ. "ಎತ್ತೂದು ಆಮ್ಯಾಲ ನೋಡೂಣ್ರಿ. ಮೊದಲ ಹೇಳ್ರಿ, ಗಾಡಿ ಮ್ಯಾಗ ಏನ್ ಹೇರತೀರಿ?"

ಈ ಮರುಪ್ರಶ್ನೆಯಲ್ಲಿ ಒಂದಿಡೀ ಕಸುಬಿನ ತಿಳಿವಳಿಕೆಯಿದೆ. ಲಿಫ್ಟ್ ಕಿಟ್ ಕೊಳ್ಳಲು ಹೊರಟವರು ಅದಕ್ಕೆ ಸರಿಯಾದ ಉತ್ತರ ಕಂಡುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಪಾಟಾ, ಅಂದರೆ ಲೀಫ್ ಸ್ಪ್ರಿಂಗ್, ನೋಡಲು ಸರಳ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು ಒಂದರ ಕೆಳಗೊಂದು ಸೇರಿ, ನಡುವೆ ಸೆಂಟರ್ ಬೋಲ್ಟಿನಿಂದ ಬಿಗಿದುಕೊಂಡಿರುತ್ತವೆ. ಎಲ್ಲಕ್ಕಿಂತ ಉದ್ದದ್ದು ಮೇನ್ ಪಟ್ಟಿ. ಅದರ ಎರಡೂ ತುದಿ ಸುರುಳಿ ಸುತ್ತಿ ಕಣ್ಣಾಗಿರುತ್ತದೆ. ಒಂದು ಕಣ್ಣು ಚಾಸಿಗೆ ನೇರವಾಗಿ ಸಿಕ್ಕಿಕೊಂಡರೆ ಇನ್ನೊಂದು ಶ್ಯಾಕಲ್ಲಿನಲ್ಲಿ ಜೋತಾಡುತ್ತದೆ, ಏಕೆಂದರೆ ಭಾರ ಬಿದ್ದು ಬಿಲ್ಲು ಚಪ್ಪಟೆಯಾದಾಗ ಅದರ ಉದ್ದ ಹೆಚ್ಚುತ್ತದೆ, ಆ ಹೆಚ್ಚಿದ ಉದ್ದಕ್ಕೆ ಜಾಗ ಬೇಕು. ಯು ಬೋಲ್ಟುಗಳು ಇಡೀ ಕಟ್ಟನ್ನು ಆಕ್ಸಲ್ಲಿಗೆ ಬಿಗಿಯುತ್ತವೆ. ಭಾರಿ ಗಾಡಿಗಳಲ್ಲಿ ಮೇಲೊಂದು ಹೆಲ್ಪರ್ ಕಟ್ಟು ಇರುತ್ತದೆ. ಖಾಲಿ ಓಡುವಾಗ ಸುಮ್ಮನಿರುವ ಅದು ಲೋಡ್ ಬಿದ್ದಾಗ ಮಾತ್ರ ಕೆಲಸಕ್ಕೆ ಇಳಿಯುತ್ತದೆ.

ಈ ಸರಳತೆಯ ಒಳಗೆ ಕಟ್ಟುನಿಟ್ಟಾದ ಗಣಿತವಿದೆ. ಪಟ್ಟಿಗಳ ಸಂಖ್ಯೆ ಹೆಚ್ಚಿದರೆ ಪಾಟಾದ ಬಿಗಿತ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಆದರೆ ದಪ್ಪ ಹೆಚ್ಚಿದರೆ ಅದರ ಘನದ ಲೆಕ್ಕದಲ್ಲಿ ಏರುತ್ತದೆ. 6 ಮಿ.ಮೀ. ಪಟ್ಟಿಯ ಜಾಗದಲ್ಲಿ ಅದೇ ಉದ್ದಗಲದ 8 ಮಿ.ಮೀ. ಪಟ್ಟಿ ಹಾಕಿದರೆ ಅದೊಂದು ಪಟ್ಟಿಯ ಬಿಗಿತ ಎರಡು ಪಟ್ಟನ್ನೂ ಮೀರುತ್ತದೆ. ಉದ್ದದ್ದು ಇದಕ್ಕೆ ತಿರುವುಮುರುವು: ಪಟ್ಟಿ ಹತ್ತರಲ್ಲೊಂದು ಪಾಲು ಉದ್ದವಾದರೆ ಬಿಗಿತ ಸುಮಾರು ಕಾಲು ಭಾಗ ಇಳಿಯುತ್ತದೆ. ಎತ್ತರದ ಹಾದಿ ಬೇರೆ. ಅದು ಬಿಲ್ಲು ಎಷ್ಟು ಬಾಗಿದೆ ಎಂಬುದಕ್ಕೆ ಸಂಬಂಧಿಸಿದ್ದು. ಹೆಚ್ಚು ಬಾಗಿಸಿದ ಮೆತ್ತನೆಯ ಪಾಟಾ ಮಾಡಬಹುದು, ಚಪ್ಪಟೆಯಾದ ಬಿರುಸು ಪಾಟಾವನ್ನೂ ಮಾಡಬಹುದು. ಎತ್ತರ ಬೇಕೆಂದು ಬಂದವನು ಬಿಗಿತವನ್ನು ಕೊಂಡುಕೊಂಡು ಹೋಗುವುದು ಇಲ್ಲಿ ಪದೇ ಪದೇ ನಡೆಯುತ್ತದೆ. ಒಂದು ದಪ್ಪ ಪಟ್ಟಿ ಹೆಚ್ಚಿಗೆ ಸೇರಿಸಿದರೆ ಗಾಡಿ ಏಳುವುದೇನೋ ನಿಜ. ಖಾಲಿ ಗಾಡಿ ಮಾತ್ರ ಪ್ರತಿ ತೆಗ್ಗಿನಲ್ಲೂ ನೆಗೆಯುತ್ತದೆ, ಕೂತವರ ಸೊಂಟ ಹಿಡಿದುಕೊಳ್ಳುತ್ತದೆ.

ಕಸುಬು ಈ ಐದು ತಾಲ್ಲೂಕುಗಳಲ್ಲಿ ಬೇರುಬಿಟ್ಟದ್ದಕ್ಕೆ ನೆಲವೇ ಕಾರಣ. ಕೃಷ್ಣೆಯೂ ದೂಧಗಂಗೆ, ವೇದಗಂಗೆಗಳೂ ಹರಿದು ಬಂದ ಎರೆಮಣ್ಣಿನ ಸೀಮೆ ಇದು. ಮಳೆ ಬಿದ್ದರೆ ಗಾಲಿಗೆ ಅಂಟಿ ಬಿಡದು, ಒಣಗಿದರೆ ಕಲ್ಲಿನಂತಾಗಿ ಬಿರಿಯುತ್ತದೆ. ಆ ಮಣ್ಣಿನಲ್ಲಿ ಕಬ್ಬು. ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್‌ನಿಂದ ಹಿಡಿದು ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಸಹಕಾರಿ ಕಾರ್ಖಾನೆಗಳವರೆಗೆ ಎಲ್ಲವಕ್ಕೂ ಹಂಗಾಮಿನುದ್ದಕ್ಕೂ ಕಬ್ಬು ಮುಟ್ಟಿಸುವುದು ಟ್ರ್ಯಾಕ್ಟರಿನ ಹಿಂದೆ ಜೋಡಿಸಿದ ಜೋಡಿ ಟ್ರೇಲರುಗಳು. ಹೊಲದ ಒಡ್ಡು ಹತ್ತಿಳಿದು, ಕಾಲುವೆ ದಾಟಿ, ಕಾರ್ಖಾನೆಯ ಕಾಟಾದವರೆಗೆ ಹೇರಬಾರದಷ್ಟು ಹೇರಿಕೊಂಡು ಹೋಗುವಾಗ ಪಟ್ಟಿ ಮುರಿಯದೆ ಇನ್ನೇನಾದೀತು? ಅಥಣಿಯಿಂದ ಪೂರ್ವಕ್ಕೆ, ತೆಲಸಂಗದ ಕಡೆ ಹೋದಂತೆ ಮಳೆ ಕಡಿಮೆ, ನೆಲ ಗಟ್ಟಿ. ಅಲ್ಲಿನ ದಾರಿ ಬೇರೆ ರೀತಿಯಲ್ಲಿ ಪಾಟಾವನ್ನು ತಿನ್ನುತ್ತದೆ. ಬೇಕಾದ ಬಿಡಿಭಾಗಗಳಿಗೆ ಮಿರಜ, ಸಾಂಗಲಿ, ಕೊಲ್ಹಾಪುರದ ಪೇಟೆ ಹತ್ತಿರವೇ ಇದೆ.

ಪಟ್ಟಿಯ ಉಕ್ಕು ಸಾಮಾನ್ಯ ಕಬ್ಬಿಣವಲ್ಲ. ಸಿಲಿಕಾನ್, ಮ್ಯಾಂಗನೀಸ್ ಬೆರೆತ ಸ್ಪ್ರಿಂಗ್ ಉಕ್ಕು. ಹರಿಯಾಣದ ಯಮುನಾನಗರದ ಜಮ್ನಾ ಆಟೊದಂಥ ದೊಡ್ಡ ಕಾರ್ಖಾನೆಗಳಲ್ಲಿ ಅದನ್ನು ಕೆಂಪಗೆ ಕಾಯಿಸಿ ಬಾಗಿಸುತ್ತಾರೆ, ಎಣ್ಣೆಯಲ್ಲಿ ಅದ್ದಿ ಗಡಸು ಮಾಡುತ್ತಾರೆ, ಮತ್ತೆ ಕಡಿಮೆ ಶಾಖದಲ್ಲಿ ಹದ ಮಾಡುತ್ತಾರೆ. ನಮ್ಮ ರಸ್ತೆ ಬದಿಯ ಅಂಗಡಿಯಲ್ಲಿ ನಡೆಯುವುದು ಮುಖ್ಯವಾಗಿ ಕುಸಿದ ಪಾಟಾವನ್ನು ಮತ್ತೆ ಎಬ್ಬಿಸುವ ಕೆಲಸ. ಕಟ್ಟು ಬಿಚ್ಚಿ, ತುಕ್ಕು ಉಜ್ಜಿ, ಒಂದೊಂದೇ ಪಟ್ಟಿಯನ್ನು ಅಡಿಗಲ್ಲಿನ ಮೇಲಿಟ್ಟು ತಣ್ಣಗಿರುವಾಗಲೇ ಪೆಟ್ಟು ಹಾಕುತ್ತಾ ಬಾಗಿಸುತ್ತಾರೆ. ಮೇಲಿನ ಪಟ್ಟಿಗೆ ಕೆಳಗಿನದು ತುದಿಯಿಂದ ತುದಿಗೆ ಒಪ್ಪಬೇಕು, ಎರಡೂ ಬದಿಯ ಕಟ್ಟುಗಳ ಬಾಗು ಒಂದೇ ಇರಬೇಕು. ಅಳತೆಪಟ್ಟಿ ಇದ್ದರೂ ಕಣ್ಣಳತೆಯನ್ನೇ ಹೆಚ್ಚು ನಂಬುವ ಕೈಗಳು ಇವು, ಆ ನಂಬಿಕೆಗೆ ವರ್ಷಗಳ ಬೆವರಿನ ಆಧಾರವಿದೆ. ಬೆಂಕಿಗಿಟ್ಟು ಬಾಗಿಸಿ ಹಾಗೇ ತಣಿಯಲು ಬಿಟ್ಟ ಪಟ್ಟಿಯನ್ನು ಮಾತ್ರ ಒಪ್ಪಬಾರದು. ಹದ ಹೋದ ಉಕ್ಕು ಕೆಲವೇ ತಿಂಗಳಲ್ಲಿ ಮತ್ತೆ ಮಲಗುತ್ತದೆ. ಕಾದದ್ದನ್ನು ನೀರಿಗೆ ಅದ್ದಿದ್ದರಂತೂ ಗಾಜಿನ ಹಾಗೆ ಒಡೆಯುತ್ತದೆ.

ಲಿಫ್ಟ್ ಬೇಕು ಎನ್ನುವ ಹಲವರಿಗೆ ನಿಜವಾಗಿ ಬೇಕಾದದ್ದು ಇದೇ ದುರಸ್ತಿ. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಗಾಲಿಯ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಿರಿ. ಅದೇ ಮಾದರಿಯ ಹೊಸ ಗಾಡಿಯನ್ನೂ ಅಳೆಯಿರಿ. ವರ್ಷಗಟ್ಟಲೆ ದುಡಿದ ಗಾಡಿ ಒಂದೂವರೆ ಇಂಚು ಕುಸಿದಿರುವುದು ಅಪರೂಪವಲ್ಲ. ಅದನ್ನು ಮೂಲ ಎತ್ತರಕ್ಕೆ ತಂದು, ಸವೆದ ಬುಶ್, ದಣಿದ ಶಾಕ್ ಅಬ್ಸಾರ್ಬರ್ ಬದಲಿಸಿದರೆ ಮನುಷ್ಯರ ಕಣ್ಣಿಗೂ ರಸ್ತೆಯ ತೆಗ್ಗಿಗೂ ಗಾಡಿ ಹೊಸದಾಗುತ್ತದೆ.

ಇಷ್ಟಾದ ಮೇಲೂ ಎತ್ತರ ಬೇಕೆಂದರೆ ದಾರಿಗಳು ಹಲವು. ಎಲ್ಲಕ್ಕೂ ಅಗ್ಗದ್ದು ಉದ್ದನೆಯ ಶ್ಯಾಕಲ್. ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಸುಮಾರು ಒಂದೇ ಇಂಚು, ಏಕೆಂದರೆ ಪಾಟಾದ ಒಂದು ತುದಿ ಮಾತ್ರ ಕೆಳಗಿಳಿಯುತ್ತದೆ. ಜೊತೆಗೆ ಆಕ್ಸಲ್ ಓರೆಯಾಗುತ್ತದೆ. ಮುಂಬದಿಯಲ್ಲಿ ಹೀಗಾದರೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕುಂದಬಹುದು. ಆಕ್ಸಲ್ ಮತ್ತು ಪಾಟಾದ ನಡುವೆ ಬ್ಲಾಕ್ ಇಡುವುದು ಎರಡನೆಯದು. ಹಿಂಬದಿಯಲ್ಲಿ ಗಟ್ಟಿ ಬ್ಲಾಕು, ಅದಕ್ಕೆ ತಕ್ಕ ಉದ್ದದ ಹೊಸ ಯು ಬೋಲ್ಟು ಹಾಕಿದರೆ ನಡೆಯುತ್ತದೆ, ಮುಂಬದಿಗೆ ಎಂದೂ ಬೇಡ. ಬ್ರೇಕ್ ಒತ್ತಿದಾಗ ಬ್ಲಾಕು ಸರಿದರೆ ಚಕ್ರವೇ ಕೈತಪ್ಪುತ್ತದೆ. ಹಳೆಯ ಜೀಪು, ಜಿಪ್ಸಿಗಳಂತೆ ನಾಲ್ಕೂ ಕಡೆ ಪಾಟಾ ಇರುವ ಗಾಡಿಗಳಿಗೆ ಪೂರ್ತಿ ಹೊಸ ಬಾಗಿನ ಕಟ್ಟು, ಅದಕ್ಕೆ ಹೊಂದುವ ಉದ್ದದ ಶಾಕ್ ಅಬ್ಸಾರ್ಬರ್ ಒಟ್ಟಿಗೆ ಹಾಕುವುದೇ ನನ್ನ ಮಟ್ಟಿಗೆ ಸರಿಯಾದ ಹಾದಿ. ಖರ್ಚು ಹೆಚ್ಚು ನಿಜ, ಆದರೆ ಅಲ್ಲಿ ಎತ್ತರವನ್ನೂ ಬಿಗಿತವನ್ನೂ ಬೇರೆ ಬೇರೆಯಾಗಿ ಆರಿಸಿಕೊಳ್ಳಬಹುದು. 2020ರ ನಂತರದ ಥಾರಿನಲ್ಲಿ ಪಾಟಾವೇ ಇಲ್ಲ, ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್. ಮುಂಗಾಲಿಗಳು ಸ್ವತಂತ್ರವಾಗಿ ಆಡುವುದರಿಂದ ಎರಡು ಇಂಚಿನಾಚೆಗೆ ಹೋದರೆ ಡ್ರೈವ್ ಶಾಫ್ಟಿನ ಜಾಯಿಂಟುಗಳು ಅತಿಯಾಗಿ ಬಾಗಿ ಬೇಗ ಸವೆಯುತ್ತವೆ.

ಹೊರದೇಶದ ಒಳ್ಳೆಯ ಕಿಟ್ಟುಗಳ ತಯಾರಕರೂ ಮೊದಲು ಕೇಳುವುದು ಭಾರವನ್ನೇ. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್ ಕಂಪನಿಗಳು ಒಂದೇ ಗಾಡಿಗೆ ಹಗುರ, ಮಧ್ಯಮ, ಭಾರಿ ಎಂದು ಬೇರೆ ಬೇರೆ ಬಿಗಿತದ ಸ್ಪ್ರಿಂಗುಗಳನ್ನು ಕೊಡುತ್ತವೆ. ಮುಂದೆ ಲೋಹದ ಬಂಪರ್, ವಿಂಚ್ ಇದೆಯೇ? ಹಿಂದೆ ಸದಾ ಸಾಮಾನು ಇರುತ್ತದೆಯೇ, ವಾರಕ್ಕೊಮ್ಮೆ ಮಾತ್ರವೇ? ಇದಕ್ಕೆ ಸುಳ್ಳು ಉತ್ತರ ಕೊಟ್ಟು ಭಾರಿ ಸ್ಪ್ರಿಂಗ್ ಕೊಂಡರೆ ದುಬಾರಿ ಕಿಟ್ಟೂ ಖಾಲಿ ಟ್ರೇಲರಿನಂತೆ ಕುಣಿಯುತ್ತದೆ. ಅಷ್ಟು ದೂರದ ಇಂಜಿನಿಯರನೂ ನಮ್ಮ ರಸ್ತೆ ಬದಿಯ ಮಿಸ್ತ್ರಿಯೂ ಒಂದೇ ಪ್ರಶ್ನೆಗೆ ಬಂದು ನಿಂತದ್ದು ನನಗೆ ಹೆಮ್ಮೆಯ ಸಂಗತಿ.

ಲಿಫ್ಟಿನಿಂದ ಆಗದ ಕೆಲಸಗಳನ್ನೂ ತಿಳಿದಿರಬೇಕು. ಸಸ್ಪೆನ್ಷನ್ ಎತ್ತಿದರೆ ಚಾಸಿ, ಬಾಡಿ ಏಳುತ್ತವೆ. ಆಕ್ಸಲ್ಲಿನ ನಡುವಿನ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ, ಹೊಲದ ಒಡ್ಡಿಗೆ ಮೊದಲು ತಾಗುವುದು ಅದೇ. ಅದನ್ನು ಮೇಲೆತ್ತುವುದು ದೊಡ್ಡ ಟೈರು ಮಾತ್ರ. 29 ಇಂಚು ವ್ಯಾಸದ ಟೈರು ತೆಗೆದು 31ರದ್ದು ಹಾಕಿದರೆ ಗುಂಡಿನ ಕೆಳಗೆ ಒಂದು ಇಂಚು ಸಿಗುತ್ತದೆ. ಆಗ ಮೀಟರು 60 ತೋರಿಸುವಾಗ ಗಾಡಿ 64ರಲ್ಲಿ ಓಡುತ್ತಿರುತ್ತದೆ, ಎಳೆತ ಕುಗ್ಗುತ್ತದೆ, ಬ್ರೇಕಿಗೆ ಕೆಲಸ ಹೆಚ್ಚುತ್ತದೆ.

ಹೊಳೆಯ ವಿಷಯ ಇನ್ನೂ ಗಂಭೀರ. ಮಹಾರಾಷ್ಟ್ರದಲ್ಲಿ ಮಳೆ ಜೋರಾದರೆ ಕಲ್ಲೋಳ–ಯಡೂರ, ಕಾರದಗಾ–ಭೋಜದಂಥ ಬಾಂದಾರ ಸೇತುವೆಗಳು ಮುಳುಗುತ್ತವೆ. 2005 ಮತ್ತು 2019ರ ಮಹಾಪೂರ ಈ ಸೀಮೆಯ ಯಾರೂ ಮರೆತಿಲ್ಲ. ಥಾರಿಗೆ ಕಂಪನಿ ಹೇಳುವ ನೀರಿನ ಆಳದ ಮಿತಿ 650 ಮಿ.ಮೀ., ಅದು ನಿಂತ ನೀರಿಗೆ ನೋಡಿಕೊಳ್ಳಬೇಕಾದ ಅಂಕಿ. ಹರಿಯುವ ನೀರು ಇದಕ್ಕಿಂತ ಎಷ್ಟೋ ಕಡಿಮೆ ಆಳದಲ್ಲೇ ಗಾಡಿಯನ್ನು ಪಕ್ಕಕ್ಕೆ ತಳ್ಳಬಲ್ಲದು. ಮುಳುಗಿದ ಬಾಂದಾರ ದಾಟಲು ನೆರವಾಗುವ ಕಿಟ್ಟು ಯಾವ ಕಂಪನಿಯೂ ಮಾಡಿಲ್ಲ.

ಎತ್ತರಕ್ಕೆ ತೆರುವ ಬೆಲೆಯನ್ನು ಅಂಕಿಯಲ್ಲೇ ನೋಡೋಣ. ಗಾಲಿಗಳ ನಡುವಿನ ಅಗಲ 150 ಸೆಂ.ಮೀ., ಗಾಡಿಯ ಭಾರಕೇಂದ್ರ ನೆಲದಿಂದ 75 ಸೆಂ.ಮೀ. ಮೇಲೆ ಎಂದುಕೊಳ್ಳಿ. ಅಗಲದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ 1 ಬರುತ್ತದೆ. ಭಾರಕೇಂದ್ರ ನಾಲ್ಕು ಇಂಚು, ಅಂದರೆ 10 ಸೆಂ.ಮೀ. ಏರಿದರೆ ಅದು 0.88ಕ್ಕೆ ಇಳಿಯುತ್ತದೆ. ತಿರುವಿನಲ್ಲಿ ಉರುಳದೆ ನಿಲ್ಲುವ ತಾಕತ್ತು ಶೇ 12ರಷ್ಟು ಹೋಯಿತು. ನಿಪ್ಪಾಣಿಯ ಪಕ್ಕದ ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಎದುರಿಗೆ ಕಬ್ಬಿನ ಟ್ರೇಲರು ಅಡ್ಡ ಬಂದರೆ ಆ ಪಾಲು ಜೀವದ ಪಾಲು. ದಿನನಿತ್ಯದ ಗಾಡಿಗೆ ಎರಡು ಇಂಚಿಗಿಂತ ಹೆಚ್ಚು ಬೇಡ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಕಾನೂನನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು ಅಥವಾ ಎರಡಕ್ಕೂ ಅವಕಾಶ ಬಂತು. ಕುಸಿದದ್ದನ್ನು ಮೂಲ ಎತ್ತರಕ್ಕೆ ತರುವುದು ದುರಸ್ತಿ, ಮೂಲವನ್ನು ದಾಟುವುದು ಮಾರ್ಪಾಡು. ದುಡ್ಡು ಕೊಡುವ ಮೊದಲೇ ಚಿಕ್ಕೋಡಿಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆ ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ.

ಕಿಟ್ಟು ಕೂರಿಸಿದ ದಿನ ನೋಡಲೇಬೇಕಾದ ಕೆಲವಿವೆ. ಗಾಡಿಯನ್ನು ಎತ್ತಿ ಗಾಲಿಗಳನ್ನು ಪೂರ್ತಿ ಜೋತು ಬಿಟ್ಟಾಗ ಬ್ರೇಕ್ ಪೈಪು ಬಿಗಿಯಾಗಬಾರದು, ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿದಾಗ ಟೈರು ಎಲ್ಲೂ ಉಜ್ಜಬಾರದು. ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ತಗ್ಗಿಸಿ, ಇಲ್ಲವಾದರೆ ಎದುರಿನವರ ಕಣ್ಣು ಕುಕ್ಕುತ್ತದೆ. ಬುಶ್ ಇರುವ ಬೋಲ್ಟುಗಳ ಕೊನೆಯ ಬಿಗಿತ ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತ ಮೇಲೆಯೇ ಆಗಬೇಕು. ಹೊಸ ಪಟ್ಟಿಗಳು ಒಂದರ ಮೇಲೊಂದು ಕೂತು ಹೊಂದಿಕೊಳ್ಳಲು ಕಾಲ ಬೇಕು, ಅಷ್ಟರಲ್ಲಿ ಯು ಬೋಲ್ಟು ಸಡಿಲವಾಗುತ್ತದೆ. ಸುಮಾರು 500 ಕಿ.ಮೀ. ಓಡಿದ ಮೇಲೆ ಅದೇ ಅಂಗಡಿಗೆ ಮರಳಿ ಹೋಗಿ ಅವುಗಳನ್ನು ಟಾರ್ಕ್ ಪಾನಾ ಹಾಕಿ ಇನ್ನೊಮ್ಮೆ ಬಿಗಿಸಿಕೊಳ್ಳಿ.