ಆಲೂಗಡ್ಡೆಯ ಎಲೆಯೂ ರೋಗನಿದಾನವೂ

ಪಟ್ಟಣವಾಸಿಗಳಲ್ಲಿಯೂ ಅನೇಕರು ಹಿತ್ತಿಲ ಮೂಲೆಯಲ್ಲಿಯೋ ಮಹಡಿಯ ಕುಂಡಗಳಲ್ಲಿಯೋ ನಾಲ್ಕಾರು ಆಲೂಗಡ್ಡೆಯ ಗಿಡಗಳನ್ನು ಬೆಳೆಯುತ್ತಿರುವುದು ಸಂತೋಷದ ವಿಷಯ. ಗಡ್ಡೆಯು ಮಣ್ಣಿನೊಳಗೆ ಅಡಗಿರುವುದರಿಂದ ಗಿಡದ ಯೋಗಕ್ಷೇಮವನ್ನು ನಮಗೆ ಮುಖ್ಯವಾಗಿ ತಿಳಿಸುವುದು ಎಲೆಯೇ. ಎಲೆಯ ಬಣ್ಣ ಕೆಟ್ಟೊಡನೆ ಕೆಲವರು ನೀರು ಹೊಯ್ಯುವರು. ಕೆಲವರು ಗೊಬ್ಬರ ಸುರಿಯುವರು. ಮತ್ತೆ ಕೆಲವರು ಅಂಗಡಿಯಿಂದ ಯಾವುದೋ ಔಷಧವನ್ನು ತಂದು ಎರಚುವರು. ನಮ್ಮ ಆಯುರ್ವೇದದಲ್ಲಿ ನಿದಾನವು ಮೊದಲು, ಚಿಕಿತ್ಸೆಯು ಆಮೇಲೆ. ಸಸ್ಯಗಳ ವಿಷಯದಲ್ಲಿಯೂ ಈ ಕ್ರಮವೇ ಯುಕ್ತವಾದುದು.

ನಿದಾನಕ್ಕೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಬಣ್ಣ ಕೆಟ್ಟುದು ಬುಡದ ಹಳೆಯ ಎಲೆಯೋ, ತುದಿಯ ಎಳೆಯ ಎಲೆಯೋ? ಎಲೆಯು ಒಂದೇ ಸಮನಾಗಿ ಹಳದಿಯಾಗಿದೆಯೋ, ಮಚ್ಚೆಮಚ್ಚೆಯಾಗಿದೆಯೋ? ಆ ಕೇಡು ವಾರಗಟ್ಟಲೆ ನಿಧಾನವಾಗಿ ಹರಡಿತೋ, ಎರಡು ಮೂರು ದಿನಗಳಲ್ಲಿಯೇ ಹರಡಿತೋ?

ಹಳದಿಯಾದುದೆಲ್ಲವೂ ರೋಗವಲ್ಲ. ನೆಟ್ಟು ಸುಮಾರು 90 ದಿನಗಳಾದ ಮೇಲೆ ಗಿಡವೆಲ್ಲ ಕ್ರಮವಾಗಿ ಹಳದಿಯಾಗಿ ಒರಗಿದರೆ ಅದು ಮುಪ್ಪು. ಗಡ್ಡೆ ಬಲಿತಿರುವುದರ ಗುರುತು. ಆದರೆ 40 ದಿನಗಳ ಗಿಡದಲ್ಲಿ ಬುಡದ ಎಲೆಗಳು ಒಂದೇ ಸಮನಾಗಿ ಬಿಳಿಚಿಕೊಂಡರೆ ಸಾರಜನಕವು ಸಾಲದೆಂದು ಊಹಿಸಬಹುದು. ಮನೆಯಲ್ಲಿ ಅನ್ನ ಸಾಲದಿದ್ದಾಗ ಹಿರಿಯರು ತಮ್ಮ ಪಾಲನ್ನು ಮಕ್ಕಳಿಗೆ ಬಡಿಸುವಂತೆ, ಗಿಡವು ಹಳೆಯ ಎಲೆಯಲ್ಲಿರುವ ಸಾರಜನಕವನ್ನು ಎಳೆಯ ಎಲೆಗೆ ಸಾಗಿಸುವುದು. ಚೆನ್ನಾಗಿ ಕಳಿತ ಗೊಬ್ಬರವನ್ನೂ ಸ್ವಲ್ಪ ಹಿಂಡಿಯನ್ನೂ ಹಾಕಿದರೆ ಇದು ಕ್ರಮೇಣ ಸರಿಹೋಗುವುದು. ಹಳೆಯ ಎಲೆಯ ನರಗಳು ಹಸುರಾಗಿಯೇ ಇದ್ದು ನಡುನಡುವೆ ಮಾತ್ರ ಹಳದಿಯಾದರೆ ಮೆಗ್ನೀಸಿಯಂ ಕೊರತೆ. ಅಂಚು ಸುಟ್ಟಂತೆ ಕಂದಿದರೆ ಪೊಟ್ಯಾಸಿಯಂ ಕೊರತೆಯೆಂದು ಶಂಕಿಸಬಹುದು. ಕಬ್ಬಿಣವಾದರೋ ಹಳೆಯ ಎಲೆಯಿಂದ ಹೊಸ ಎಲೆಗೆ ಸುಲಭವಾಗಿ ಸಾಗುವುದಿಲ್ಲ. ಆದುದರಿಂದ ಅದರ ಕೊರತೆಯು ತುದಿಯ ಎಲೆಗಳಲ್ಲಿ ಮೊದಲು ತೋರುವುದು.

ಕುಂಡದ ತೂತು ಕಟ್ಟಿ ನೀರು ನಿಂತರೆ ಬೇರಿಗೆ ಗಾಳಿಯಿಲ್ಲದೆ ಗಿಡವೆಲ್ಲವೂ ಹಳದಿಯಾಗಿ ಬಾಡುವುದು. ಇದನ್ನು ಬಾಯಾರಿಕೆಯೆಂದು ತಿಳಿದು ಮತ್ತೆ ನೀರೆರೆದರೆ ಗಿಡವನ್ನು ನಾವೇ ಕೊಂದಂತೆ. ಮೊದಲು ಮಣ್ಣಿನಲ್ಲಿ ಬೆರಳಿಟ್ಟು ನೋಡಬೇಕು.

ಎಲೆಯ ಮೇಲೆ ಹಳದಿ ಹಸುರುಗಳು ಚಿತ್ರವಿಚಿತ್ರವಾಗಿ ಬೆರೆತು, ಎಲೆ ಮುದುರಿಕೊಂಡಿದ್ದರೆ ಅದು ಬಹುಮಟ್ಟಿಗೆ ವೈರಸ್ಸಿನ ಕೆಲಸ. ಗಿಡಹೇನುಗಳು ಇಂಥ ಅನೇಕ ವೈರಸ್ಸುಗಳನ್ನು ಗಿಡದಿಂದ ಗಿಡಕ್ಕೆ ಸಾಗಿಸುವುವು. ಇದಕ್ಕೆ ಮದ್ದಿಲ್ಲ. ಅಂಥ ಗಿಡವನ್ನು ಕಿತ್ತುಹಾಕಬೇಕು. ಅದರ ಗಡ್ಡೆಯನ್ನು ಬಿತ್ತನೆಗೆ ಇಡಲೇಕೂಡದು.

ಇನ್ನು ಕಂದು ಮಚ್ಚೆಗಳ ವಿಚಾರ. ಹಳೆಯ ಎಲೆಗಳಲ್ಲಿ ಒಣಗಿದ ಮಚ್ಚೆ, ಅದರೊಳಗೆ ಬಳೆಯೊಳಗೊಂದು ಬಳೆಯಿಟ್ಟಂತೆ ಸುತ್ತುಗಳು ಕಂಡರೆ ಅದು ಮುಂಚಿನ ಅಂಗಮಾರಿ. ರೋಗ ತಗಲಿದ ಎಲೆಗಳನ್ನು ಕಿತ್ತು, ಗಿಡಕ್ಕೆ ಪುಷ್ಟಿ ಕೊಟ್ಟರೆ ಬಹುಕಾಲ ತಡೆಯಬಹುದು. ಎಲೆಯ ತುದಿಯಲ್ಲಿಯೋ ಅಂಚಿನಲ್ಲಿಯೋ ನೀರಿನಲ್ಲಿ ನೆನೆದಂಥ ಕಪ್ಪು ಮಚ್ಚೆ ಮೂಡಿ, ತೇವವುಳ್ಳ ಬೆಳಗಿನಲ್ಲಿ ಎಲೆಯ ಕೆಳಗೆ ಬಿಳಿಯ ನವಿರು ಕಂಡರೆ ಅದು ಕೊನೆಯ ಅಂಗಮಾರಿ. ತಂಪು ಮೋಡ, ಬಿಡದ ತುಂತುರು ಇದಕ್ಕೆ ಅನುಕೂಲ. ಹಾಸನದ ಕಡೆಯ ಮುಂಗಾರು ಬೆಳೆಗೆ ಇದು ಚಿರಪರಿಚಿತ ಶತ್ರು.

1845ರಲ್ಲಿ ಐರ್ಲೆಂಡಿನ ಹೊಲಗಳಿಗೆ ಬಂದುದು ಇದೇ ರೋಗ. ಜನರು ಮಂಜನ್ನೂ ಕೆಟ್ಟ ಗಾಳಿಯನ್ನೂ ದೂರಿದರು. ಮುಂದಿನ ಕೆಲವು ವರ್ಷಗಳ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನರು ಹಸಿವು ರೋಗಗಳಿಂದ ಸತ್ತರು. ಬೂಷ್ಟನ್ನು ಹೋಲುವ ಸೂಕ್ಷ್ಮಜೀವಿಯೊಂದು ಇದಕ್ಕೆ ಕಾರಣವೆಂಬುದನ್ನು ಜರ್ಮನಿಯ ಡಿ ಬಾರಿ ಎಂಬ ವಿದ್ವಾಂಸನು 1861ರಲ್ಲಿ ಪ್ರಯೋಗದಿಂದ ಸಿದ್ಧಪಡಿಸಿದನು. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆಯು ದ್ರಾಕ್ಷಿಯ ರೋಗಕ್ಕೆಂದು ಪ್ರಕಟಿಸಿದ ಬೋರ್ಡೋ ದ್ರಾವಣವು ಆಲೂಗಡ್ಡೆಗೂ ರಕ್ಷೆಯಾಯಿತು. ನಮ್ಮ ಮಲೆನಾಡಿನ ಅಡಕೆಯ ಕೊಳೆರೋಗವೂ ಇದೇ ಕುಲದ ಜೀವಿಯಿಂದ ಬರುವುದು. ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಕೋಲ್ಮನ್ನರು ಅದನ್ನು ಕುರಿತು 1910ರಲ್ಲಿ ವರದಿ ಪ್ರಕಟಿಸಿದರು. ಅಡಕೆಯ ತೋಟದವರಿಗೆ ಈ ದ್ರಾವಣವು ಹೊಸದಲ್ಲ.

ಮನೆಯ ಮಟ್ಟಿಗೆ 100 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿಯೂ, 100 ಗ್ರಾಂ ಸುಣ್ಣವನ್ನು ಇನ್ನೊಂದು 5 ಲೀಟರ್ ನೀರಿನಲ್ಲಿಯೂ ಪ್ರತ್ಯೇಕವಾಗಿ ಕರಗಿಸಬೇಕು. ಲೋಹದ ಪಾತ್ರೆ ಕೂಡದು. ತುತ್ತದ ನೀರನ್ನು ಸುಣ್ಣದ ನೀರಿಗೆ ಮೆಲ್ಲಗೆ ಕಲಕುತ್ತ ಹೊಯ್ದು, ಉಜ್ಜಿದ ಚಾಕುವನ್ನು ಅದ್ದಿ ನೋಡಬೇಕು. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು. ಆ ದಿನವೇ ಎಲೆಯ ಎರಡು ಮಗ್ಗುಲಿಗೂ ಸಿಂಪಡಿಸಬೇಕು. ಇದು ಬರುವ ರೋಗವನ್ನು ತಡೆಯುವುದೇ ಹೊರತು ಬಂದುದನ್ನು ಗುಣಪಡಿಸದು. ರೋಗವು ಬಲವಾಗಿ ತಗಲಿದ್ದರೆ ಗಿಡದ ಮೇಲ್ಭಾಗವನ್ನು ಕತ್ತರಿಸಿ ಆಳವಾಗಿ ಹೂಳಬೇಕು. ಎರಡು ವಾರ ಕಳೆದ ಮೇಲೆ ಗಡ್ಡೆಯನ್ನು ಅಗೆಯಬೇಕು.

ಈ ರೋಗದ ಬೀಜಕಣಗಳಿಗೆ ಕಾಂಪೌಂಡಿನ ಗೋಡೆ ಅಡ್ಡಿಯಲ್ಲ. ಗಾಳಿಯೊಡನೆ ಅವು ನೆರೆಮನೆಯ ಆಲೂಗಡ್ಡೆಗೂ ಟೊಮೆಟೊಗೂ ತಗಲುವುವು. ಆದುದರಿಂದ ಮೋಡ ಕವಿದ ದಿನಗಳಲ್ಲಿ ಪ್ರತಿದಿನ ಬೆಳಿಗ್ಗೆ ಒಂದೆರಡು ಎಲೆಗಳನ್ನಾದರೂ ಮಗುಚಿ ನೋಡಿರಿ. ಬಿಳಿಯ ನವಿರು ಕಂಡರೆ ನೆರೆಯವರಿಗೂ ಕೂಡಲೆ ತಿಳಿಸಿರಿ.