ಆಯುಧಪೂಜೆಯೂ ದುಡಿಯುವ ಕೈಯೂ

ಮಳೆಗಾಲವು ಹಿಂದೆಗೆದು ಶರದೃತುವು ಕಾಲಿಟ್ಟಿತೆಂದರೆ ಹುಬ್ಬಳ್ಳಿ-ಧಾರವಾಡಗಳ ಕಾರ್ಖಾನೆಗಳಲ್ಲಿ ಖಂಡೇಪೂಜೆಯ ಸಿದ್ಧತೆ ತೊಡಗುವದು. 1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆಯವರು ಹುಬ್ಬಳ್ಳಿಯಲ್ಲಿ ಸ್ಥಾಪಿಸಿದ ಕಾರ್ಖಾನೆ ಮೊದಲ್ಗೊಂಡು, ಗೋಕುಲ ರಸ್ತೆ ಹಾಗೂ ತಾರಿಹಾಳಗಳ ಸಣ್ಣ ಲೇಥಿನ ಅಂಗಡಿಗಳ ವರೆಗೆ, ಮಹಾನವಮಿಯಂದು ಹೂವು ಕಾಣದ ಯಂತ್ರವು ಅಪರೂಪ. ಯಂತ್ರಕ್ಕೆ ಕುಂಕುಮವೇರಿಸಿ ಕೈಮುಗಿಯುವದನ್ನು ಮೌಢ್ಯವೆಂದು ಹಳಿಯುವವರಲ್ಲಿ ನಾವಿಲ್ಲ. ಅನ್ನವನ್ನೀಯುವ ಸಾಧನವನ್ನು ಗೌರವಿಸುವದು ಸಂಸ್ಕಾರದ ಲಕ್ಷಣವೇ ಸರಿ. ಆದರೆ ಪೂಜೆಯ ಸಂಭ್ರಮವು ಪೂಜಕನ ಬೆರಳುಗಳನ್ನೇ ಬಲಿಗೊಳ್ಳುವಂತಾಗಬಾರದು.

ಅಪಾಯವು ಹೇಗೆ ಒದಗುವದೆಂಬುದನ್ನು ವಿಚಾರಿಸೋಣ. ತೊಳೆಯಲೆಂದು ಬಿಚ್ಚಿದ ರಕ್ಷಣೆಯ ಜಾಲರಿಯು ಮೂಲೆಯಲ್ಲಿಯೇ ಉಳಿಯುವದು. ಮರುದಿನ ಯಂತ್ರವು ತಿರುಗತೊಡಗಿದಾಗ ಬಾಡಿದ ಮಾಲೆಯೊಂದು ಗಾಲಿಗೆ ಸಿಲುಕುವದು. ಅದನ್ನೆಳೆಯಲು ಕೈಚಾಚಿದವನ ಅಂಗಿಯ ತೋಳಾಗಲಿ ಹೆಗಲ ಮೇಲಿನ ಹೊಸ ಶಲ್ಯವಾಗಲಿ ಪಟ್ಟಿಗೆ ಸಿಕ್ಕರೆ ಕೈಯೂ ಅದರ ಬೆನ್ನಿಗೇ ಹೋಗುವದು. ಒಡೆದ ಕುಂಬಳಕಾಯಿಯ ತಿರುಳು ನೆಲವನ್ನು ಜಾರುಮಾಡುವದು. ತೊಯ್ದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಒದ್ದೆಗೈಯಿಂದ ವಿದ್ಯುತ್ತಿನ ಗುಂಡಿಯನ್ನೊತ್ತುವವರೂ ಉಂಟು. ಹತ್ತಿಯ ಗಿರಣಿಯಲ್ಲಂತೂ ಹಾರಿ ಕುಳಿತ ಅರಳೆಗೆ ಕರ್ಪೂರದ ಒಂದು ಕಿಡಿಯೇ ಸಾಕು. ಇವುಗಳಲ್ಲಿ ಒಂದಾದರೂ ವಿಧಿಯ ಆಟವಲ್ಲ. ಎಲ್ಲವೂ ಮನುಷ್ಯನ ಮರೆವು.

ಇದಕ್ಕೆ ಕಾಯಿದೆಯಿಲ್ಲವೇ ಎಂದು ವಾಚಕರು ಕೇಳಬಹುದು. ಪರಕೀಯರ ಆಳಿಕೆಯಲ್ಲಿ ಬಂದ 1881ರ ಕಾರ್ಖಾನೆಯ ಕಾಯಿದೆಯು 100 ಜನರಿಗಿಂತ ಕಡಿಮೆ ದುಡಿಯುವಲ್ಲಿ ಕಾಲಿಡಲಿಲ್ಲ. ಸ್ವತಂತ್ರ ಭಾರತವು 1948ರಲ್ಲಿ ರಚಿಸಿದ ಕಾಯಿದೆಯು, ವಿದ್ಯುತ್ತಿನಂಥ ಶಕ್ತಿಯಿಂದ ಯಂತ್ರಗಳು ನಡೆಯುವಲ್ಲಿ, ಆ ಸಂಖ್ಯೆಯನ್ನು 10ಕ್ಕೆ ಇಳಿಸಿತು. ಅಪಾಯದ ಭಾಗಗಳಿಗೆ ಭದ್ರವಾದ ಮರೆಯಿರತಕ್ಕದ್ದೆಂದೂ, ಚಲಿಸುವ ಯಂತ್ರವನ್ನು ಪರೀಕ್ಷಿಸುವವನು ತರಬೇತಿ ಹೊಂದಿ ಬಿಗಿಯುಡುಪು ಧರಿಸಿದ ವಯಸ್ಕನೇ ಆಗಿರಬೇಕೆಂದೂ ವಿಧಿಸಿತು. 2020ರ ಸಂಹಿತೆಯಲ್ಲಿಯಾದರೋ, ಕಾರ್ಖಾನೆಯೆನಿಸಿಕೊಳ್ಳಲು ಅಂಥಲ್ಲಿ ಬೇಕಾದ ಸಂಖ್ಯೆಯು 20ಕ್ಕೇರಿತು. ನಾಲ್ಕಾರು ಜನ ದುಡಿಯುವ ಅಂಗಡಿಯು ಅಂದೂ ಕಾರ್ಖಾನೆಯಲ್ಲ, ಇಂದೂ ಅಲ್ಲ. ಅಲ್ಲಿ ಬೆರಳು ತುಂಡಾದರೆ ನೋವು ಮಾತ್ರ ಕಡಿಮೆಯಾಗುವದಿಲ್ಲ.

ಆದರೆ ಕಾಯಿದೆಯು ಹೊಗದ ಅಂಗಡಿಯನ್ನೂ ಖಂಡೇಪೂಜೆಯು ಹೊಕ್ಕಿರುವದು! ಆದುದರಿಂದ ಈ ಹಬ್ಬವನ್ನೇ ವರ್ಷದ ಸುರಕ್ಷತೆಯ ಪರೀಕ್ಷೆಯಾಗಿ ಮಾಡಿಕೊಳ್ಳುವದು ಜಾಣತನ. ಮೊದಲು ವಿದ್ಯುತ್ತಿನ ಸಂಪರ್ಕವನ್ನು ಕಡಿದು ಅನಂತರ ಯಂತ್ರವನ್ನು ತೊಳೆಯಬೇಕು. ಸವೆದ ಪಟ್ಟಿ, ಸುಲಿದ ತಂತಿಗಳನ್ನು ಅಂದೇ ಬದಲಿಸಬೇಕು. ಜಾಲರಿಯನ್ನು ಸ್ವಸ್ಥಾನದಲ್ಲಿ ಬಿಗಿದ ಮೇಲೆಯೇ ಕುಂಕುಮವೇರಿಸಬೇಕು. ಅರಳೆ-ಎಣ್ಣೆಗಳಿರುವಲ್ಲಿ ಆರತಿಯನ್ನು ಬಾಗಿಲ ಹೊರಗೆ ಬೆಳಗಿದರೆ ದೇವಿಯು ಮುನಿಯುವದಿಲ್ಲ. ಮರುದಿನ ಕೆಲಸಕ್ಕೆ ತೊಡಗುವ ಮುನ್ನ ಮಾಲಕನು ತಾನೇ ಒಂದು ಸುತ್ತು ತಿರುಗಿ ಮಾಲೆ-ಬಾಳೆಕಂಬಗಳನ್ನು ತೆಗೆಯಿಸಿ ನೆಲವನ್ನು ಒಣಗಿಸಬೇಕು. ಇದಕ್ಕೆ ತಗಲುವದು ಅರ್ಧ ತಾಸಿನ ಹೊತ್ತು. ಉಳಿಯುವದು ಒಂದು ಸಂಸಾರದ ಅನ್ನ.

ಪೂಜೆಯ ಪ್ರಸಾದಕ್ಕೆ ಹೋಗುವ ಅಧಿಕಾರಿಗಳೂ ಊರ ಹಿರಿಯರೂ ಪೇಢೆಯನ್ನು ಬಾಯಿಗಿಡುವ ಮೊದಲು ಒಂದು ಮಾತು ಕೇಳಲಿ: "ಈ ಯಂತ್ರದ ಜಾಲರಿಯೆಲ್ಲಿ?" ವಿಜಯದಶಮಿಯ ಸಂಜೆ ನಾವೆಲ್ಲರೂ ಬನ್ನಿಯನ್ನು ಹಂಚಿಕೊಂಡು ಬಂಗಾರದಂತಿರೋಣವೆಂದು ಹಾರೈಸುವೆವು. ಆ ಬನ್ನಿಯನ್ನು ನೀಡುವ ಕೈಯೂ ಪಡೆಯುವ ಕೈಯೂ ಮುಂದಿನ ದಸರೆಯ ವರೆಗೆ ಐದು ಬೆರಳುಗಳೊಡನೆ ಉಳಿಯುವಂತೆ ನೋಡಿಕೊಂಡರೆ ಮಾತ್ರ ಆ ಹಾರೈಕೆಯು ಸಾರ್ಥಕ.